ವಾಸನೆ ನುಂಗಿದ ಇದ್ದಿಲು

“ನನ್ನ ಮಡಿ ಅಡಿಗಿಮನ್ಯಾಗ ಉಳ್ಳಾಗಡ್ಡಿ ಹೆಚ್ಚಿದವರು ಯಾರು?”

ತಿರುಮಲಮ್ಮ ಹೊಸ್ತಿಲಲ್ಲೇ ನಿಂತರು. ಅವರ ಮೂಗೆಂದರೆ ಮೂಗು! ಕುರುಗೋಡಿನಲ್ಲಿ ಒಗ್ಗರಣೆ ಸೀದರೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಸೀನುತ್ತಿತ್ತು. ಸೊಸೆ ಗಿರಿಜಾಬಾಯಿ ಹೊಸ ಗ್ಯಾಸ್ ಸಿಲಿಂಡರಿನತ್ತ ಕೈ ತೋರಿಸಿದಳು. “ಅದರ ವಾಸನಿ ಅತ್ತಿ.”

“ಅದು ಹೋಗೋತನಕ ಹಿತ್ತಲ ಒಲಿನೇ ಸಾಕು.”

ಮಗ ನರಸಿಂಹ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಪ್ರಪಂಚದ ಅರ್ಧ ವಿಜ್ಞಾನ ತನ್ನಿಂದಲೇ ನಡೆದಿದೆಯೆಂದು ತಿಳಿದವನು. ಸಿರುಗುಪ್ಪದ ಅಕ್ಕಿ ಮಿಲ್ಲಿಗೆ ಹೋಗಿ ಸುಟ್ಟ ಹೊಟ್ಟಿನ ಇದ್ದಿಲು ಕೇಳಿದ. ಮಿಲ್ಲಿನ ಕೊಟ್ಟೂರಪ್ಪ ನಕ್ಕ. “ನಾವು ತಿಪ್ಪಿಗೆ ಚೆಲ್ಲೋದು ಐತ್ರೀ ಮಾಸ್ತರ, ನೀವು ಅಡಿಗಿಮನಿಗೆ ಒಯ್ತೀರಾ?”

ನರಸಿಂಹ ಅದನ್ನು ಚೀಲಕ್ಕೆ ತುಂಬಿ ಸಿಲಿಂಡರಿನ ಕುತ್ತಿಗೆಗೆ ಸುತ್ತಿ ಕಟ್ಟಿದ. “ಅಮ್ಮಾ, ಇದರ ಒಂದು ಚೂರಿನಾಗ ಇಡೀ ಬಳ್ಳಾರಿಯಷ್ಟು ಗೂಡು ಅವ. ವಾಸನಿ ಒಳಗ ಹೊಕ್ಕರ ಹೊರಗ ಬರಂಗಿಲ್ಲ.”

ಸಂಜೆಗೆ ವಾಸನೆ ಮಾಯ. ಓಣಿಯ ಕಲ್ಲುಗಳಿಗೂ ಅವನು ಆ ಕಥೆ ಹೇಳಿದ.

ಆದರೂ ತಿರುಮಲಮ್ಮ ಇನ್ನೂ ಕೆಲವು ದಿನ ಹಿತ್ತಲ ಒಲೆಯನ್ನೇ ಹಚ್ಚಿದರು. ಏಕಾದಶಿ ಬಂತು, ಅಡಿಗೆಯಿಲ್ಲ, ಅಡಿಗೆಮನೆಯ ಬಾಗಿಲು ಮುಚ್ಚಿತ್ತು. ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಹೊತ್ತು ಮೀರುತ್ತಿತ್ತು. ತಣ್ಣೀರು ಸುರಿದುಕೊಂಡ ತಿರುಮಲಮ್ಮ ಒದ್ದೆ ಮಡಿಯಲ್ಲೇ ಕಡ್ಡಿಪೆಟ್ಟಿಗೆ ಹಿಡಿದರು. “ಇವತ್ತು ಗ್ಯಾಸೇ ಹಚ್ಚತೇನಿ,” ಎಂದು ಒಳನಡೆದರು.

ಪಡಸಾಲೆಯಲ್ಲಿ ಗಿರಿಜಾಬಾಯಿ ಅಂದಳು: “ಏನ್ರೀ, ಮೊನ್ನಿ ಕಸ ಹೊಡೀವಾಗ ಸಿಲಿಂಡರ ಸರಿಸಿದೆ. ಹೂವಿನ ಬುಟ್ಟಿ ಹಂಗ ಹಗುರಾಗೇದ. ಗ್ಯಾಸ್ ಒಲಿ ಒಂದು ದಿನಾನೂ ಹಚ್ಚಿಲ್ಲ!”

ನರಸಿಂಹ ಎದ್ದು ಅಡಿಗೆಮನೆಗೆ ಓಡಿದ. ಗ್ಯಾಸಿಗೆ ತನ್ನದೆಂಬ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಬೆರೆಸಿದ್ದು ಆ ಉಳ್ಳಾಗಡ್ಡಿ ವಾಸನೆಯನ್ನು. ಇದ್ದಿಲು ಅದನ್ನು ಹಿಡಿದಿಟ್ಟು, ಗ್ಯಾಸನ್ನು ಹೊರಗೆ ಬಿಟ್ಟಿತ್ತು.

“ಅಮ್ಮಾ, ಗೀರಬ್ಯಾಡ!”

ಒಳಗೆ ಕಡ್ಡಿ ಗೀರಿದ ಸದ್ದು. ಮತ್ತೊಮ್ಮೆ. ಸೆರಗಿನಿಂದ ತೊಟ್ಟಿಕ್ಕಿದ ನೀರಿಗೆ ಕಡ್ಡಿಯ ಮದ್ದು ಕರಗಿ ಪೆಟ್ಟಿಗೆಗೆ ಮೆತ್ತಿಕೊಂಡಿತ್ತು. ಇನ್ನೊಂದು ಕಡ್ಡಿ ತೆಗೆಯುವಷ್ಟರಲ್ಲಿ ನರಸಿಂಹ ಅವರ ಕೈಯನ್ನೇ ಹಿಡಿದುಬಿಟ್ಟ.

“ಮುಟ್ಟಿದೆಲ್ಲೋ! ಪಾರಣಿ ಹೊತ್ತಿನಾಗ ಮಡಿ ಕೆಡಿಸಿದೆಲ್ಲೋ!”

ಅವನು ಕಿಟಕಿ ಬಾಗಿಲು ತೆರೆದು, ಸಿಲಿಂಡರನ್ನು ಹಿತ್ತಲಿಗೆ ಎಳೆದು, ಚೀಲವನ್ನು ಕಿತ್ತೆಸೆದ. ಉಳ್ಳಾಗಡ್ಡಿ ಗಪ್ಪನೆ ಬಂತು. ತಿರುಮಲಮ್ಮ ಮೂಗು ಮುಚ್ಚಲು ಸೆರಗೆತ್ತಿದರು. “ಮುಚ್ಚಬ್ಯಾಡಮ್ಮಾ, ಗ್ಯಾಸ್ ಸೋರಿದ್ದು ಹೇಳೋದೇ ಆ ವಾಸನಿ.” ಸೆರಗು ಕೆಳಗಿಳಿಯಿತು. ಅವರು ಇನ್ನೊಮ್ಮೆ ಸ್ನಾನಕ್ಕೆ ಹೋದರು.

ಮುಂದಿನ ದ್ವಾದಶಿಗೆ ಬೇರೆ ಸಿಲಿಂಡರು ಬಂದಿತ್ತು. ಕಡ್ಡಿಪೆಟ್ಟಿಗೆಯನ್ನು ಹೊಸ್ತಿಲಾಚೆ ಇಟ್ಟು, ತಿರುಮಲಮ್ಮ ಒದ್ದೆ ಸೀರೆಯಲ್ಲಿ ನೆಲದವರೆಗೆ ಬಗ್ಗಿ, ಕಣ್ಣು ಮುಚ್ಚಿ, ಉಳ್ಳಾಗಡ್ಡಿಗಾಗಿ ಮೂಸಿದರು.