ರಾಜನಿಗೊಂದು ರೆಫರಲ್

"ಅಕ್ಕ, ಒಳಗೆ ಬನ್ನಿ. ನಮ್ಮ ಸರದಿಯಲ್ಲಿ ಉಳಿದದ್ದು ಇಪ್ಪತ್ತೇ ನಿಮಿಷ," ಎಂದು ಗಂಡನ ಗೆಳೆಯ ಹಯವದನ ಮೂರನೆಯ ಸಲ ಕರೆದರೂ ಚಿತ್ರಾಕ್ಷಿ ಚಿತಾಗಾರದ ಗೇಟು ಬಿಟ್ಟು ಕದಲಲಿಲ್ಲ. ಮುಂದಿನ ಹೆಣದವರು ಆಗಲೇ ಕಾರು ನಿಲ್ಲಿಸಿ ಗಡಿಯಾರ ನೋಡಿಕೊಳ್ಳುತ್ತಿದ್ದರು.

"ಮಗ ಬಾರದೆ ಎಂತ ಮಾಡುದು ಮಾರಾಯ್ರೆ?"

ಒಳಗೆ ಪೆಟ್ಟಿಗೆಯಲ್ಲಿ ಅವಳ ಗಂಡ ಡಾಕ್ಟರ್ ಭುಜಂಗ ಶೆಟ್ಟಿ. ಮೂವತ್ತು ವರ್ಷ ಬರ್ಮಿಂಗ್‌ಹ್ಯಾಮಿನ ರೋಗಿಗಳನ್ನು ಕಾಯಿಸಿದ ಬಡಾವಣೆ ಡಾಕ್ಟರು, ಜಿಪಿ, ಇಂದು ತಾವೇ ಕಾಯುತ್ತಿದ್ದರು.

ಬಿಳಿ ವ್ಯಾನು ಬಂತು. ಮಗ ಅಖಿಲ್ ಇಳಿದ. ಅವನ ಕೈಗೆ ಕಟ್ಟಿದ ಉದ್ದನೆಯ ಸರಪಳಿಯ ಇನ್ನೊಂದು ತುದಿ ಜೈಲು ಅಧಿಕಾರಿಯ ಕೈಯಲ್ಲಿತ್ತು.

*

ಓದಲು ಹೋಗಿದ್ದ ಫಾಲೋಫೀಲ್ಡಿನ ಬಾಡಿಗೆ ಕೋಣೆಯಲ್ಲಿ ಯಾರದೋ ಮಾದಕದ ಪೊಟ್ಟಣಗಳನ್ನು ಇಟ್ಟುಕೊಂಡಿದ್ದಕ್ಕೆ ಅಖಿಲನಿಗೆ ಆರು ವರ್ಷ ಜೈಲಾಗಿತ್ತು. ಯಾರ ಮೇಲೂ ಕೈಯೆತ್ತಿದವನಲ್ಲ. ಭುಜಂಗ ಕ್ಷಮಾದಾನ ಕೋರಿ ದೇಶದ ರಾಜನಿಗೇ ಪತ್ರ ಬರೆದರು. ಬರೆಯಲು ಗೊತ್ತಿದ್ದದ್ದು ಒಂದೇ ಬಗೆ: ರೋಗಿಯನ್ನು ತಜ್ಞರ ಬಳಿ ಕಳಿಸುವ ರೆಫರಲ್ ಪತ್ರ.

"'ಈ ಸೌಮ್ಯ ಸ್ವಭಾವದ ಯುವಕನನ್ನು ನೋಡಲು ಒಪ್ಪಿದ್ದಕ್ಕೆ ಧನ್ಯವಾದಗಳು. ಹಿಂಸೆಯ ಹಿನ್ನೆಲೆ ಇಲ್ಲ. ಅಲರ್ಜಿ: ಗೋಡಂಬಿ,'" ಎಂದು ಹಯವದನ ಭುಜಂಗರದೇ ಮೂಗುದನಿ ತೆಗೆದು ಓದಿದರು. ಗೆಳೆಯರ ಕೂಟದಲ್ಲಿ ಅವರು ಅನುಕರಿಸದ ದನಿಯೇ ಇರಲಿಲ್ಲ. "ಇದು ರಾಜನಿಗೋ, ಕಾರ್ಡಿಯಾಲಜಿಗೋ?"

"ನಾನು ಹೀಗೆ ಬರೆದು ಕಳಿಸಿದವರನ್ನು ಯಾರೂ ನೋಡದೆ ಬಿಟ್ಟದ್ದಿಲ್ಲ. ವೇಟಿಂಗ್ ಲಿಸ್ಟ್ ಇರುತ್ತೆ, ಅಷ್ಟೇ," ಎಂದರು ಭುಜಂಗ.

ಆಗುವುದಿಲ್ಲವೆಂದು ಎರಡು ಸಾಲಿನ ಉತ್ತರ ಬಂದಾಗಲೆಲ್ಲ ಭುಜಂಗ ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಮತ್ತೆ ರೆಫರ್ ಮಾಡಬೇಕು." ಅವರು ತೀರಿಕೊಂಡ ದಿನ ನಾಲ್ಕನೆಯ ಪತ್ರ ಮೇಜಿನ ಮೇಲೆ ಅರ್ಧಕ್ಕೇ ನಿಂತಿತ್ತು.

*

"ಮಗ ಕೈಯಲ್ಲಿ ಅಕ್ಕಿ ಹಿಡಿದು ಪೆಟ್ಟಿಗೆಗೆ ಮೂರು ಸುತ್ತು ಬರಬೇಕು," ಎಂದು ಹಯವದನ ಅಧಿಕಾರಿಗೆ ಹೇಳಿದರು. "ನೀವು ಒಂದೇ ಕಡೆ ನಿಂತರೆ ಸರಪಳಿ ಅವನಪ್ಪನ ಮೇಲೆಯೇ ಹರಿಯುತ್ತೆ."

"ಐದು ನಿಮಿಷ ಬಿಚ್ಚಿ, ಸರ್," ಚಿತ್ರಾಕ್ಷಿ ಕೈಮುಗಿದಳು.

"ಆ ಅಧಿಕಾರ ನನಗಿಲ್ಲ, ಮೇಡಂ."

"ಹಾಗಾದರೆ ನೀವೂ ಅವನ ಜೊತೆ ಸುತ್ತಿ. ಆದರೆ ಬೂಟು ಬಿಚ್ಚಬೇಕು," ಎಂದರು ಹಯವದನ.

ಅಧಿಕಾರಿ ಬೂಟುಗಳನ್ನೂ ಬಾಗಿಲನ್ನೂ ನೋಡಿದ. "ಕೆಲಸದ ಮೇಲಿರುವಾಗ ಬಿಚ್ಚುವ ಹಾಗಿಲ್ಲ."

ಉಳಿದದ್ದು ಒಂಬತ್ತು ನಿಮಿಷ. ಅಖಿಲ್ ತಲೆ ತಗ್ಗಿಸಿದ. "ಲೀವ್ ಇಟ್, ಅಮ್ಮ."

ಹಯವದನ ಅಧಿಕಾರಿಯತ್ತ ತಿರುಗಿ ಗಂಟಲು ಸರಿಮಾಡಿಕೊಂಡರು. ಹೊರಟದ್ದು ಭುಜಂಗರದೇ ದನಿ, ಮೂಗಿನಲ್ಲಿ ಎಳೆದ, ಮಂಗಳೂರು ಸೋಂಕಿದ ಇಂಗ್ಲಿಷು: "ಈ ಸೌಮ್ಯ ಸ್ವಭಾವದ ಯುವಕನನ್ನು ನೋಡಲು ಒಪ್ಪಿದ್ದಕ್ಕೆ ಧನ್ಯವಾದಗಳು. ಹಿಂಸೆಯ ಹಿನ್ನೆಲೆ ಇಲ್ಲ."

ಚಿತ್ರಾಕ್ಷಿ ಸರಕ್ಕನೆ ಪೆಟ್ಟಿಗೆಯತ್ತ ತಿರುಗಿದಳು. ಅಖಿಲನ ಕೈಯೊಳಗಿನ ಅಕ್ಕಿ ಬೆರಳುಗಳ ಸಂದಿಯಿಂದ ಸುರಿಯಿತು. ಯಾರೂ ನಗಲಿಲ್ಲ.

ಅಧಿಕಾರಿ ಸರಪಳಿಯನ್ನು ಒಂದು ಕೈಗೆ ಸುತ್ತಿ ಹಿಡಿದು, ಬಗ್ಗಿ, ಬೂಟಿನ ಲೇಸಿಗೆ ಇನ್ನೊಂದು ಕೈ ಹಾಕಿದ. ಸರಪಳಿ ಜಗ್ಗಿ ಅಖಿಲನೂ ಜೊತೆಗೇ ಬಗ್ಗಬೇಕಾಯಿತು. ಒಂದು ಕೈಗೆ ಬಿಚ್ಚದ ಗಂಟನ್ನು ಮೂರು ಕೈಗಳು ಸೇರಿ ಬಿಡಿಸತೊಡಗಿದವು. ಬೂಟು ಕಳಚಿದಾಗ ಅಧಿಕಾರಿಯ ಎಡಗಾಲಿನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.