ಕೈಯೊಡ್ಡಿ ಪಡೆಯಬೇಕಿಲ್ಲ

“ಬಂದ ನೋಡಿ, ತಾಯಿ ಕಳಿಸಿದ ಭಿಕ್ಷುಕ!”

ಮಲ್ಪೆ ಬಂದರಿನಲ್ಲಿ ಬೋಟಿನ ಗಳಿಕೆಯ ಪಾಲು ಹಂಚಿಕೊಳ್ಳುತ್ತಿದ್ದವರೆಲ್ಲ ವಾಸುವಿನ ಮಾತಿಗೆ ನಕ್ಕರು. ಅವನು ನೋಟುಗಳನ್ನು ಮಗ ಅಖಿಲನ ಕಾಲಬುಡಕ್ಕೆ ಎಸೆದ. ಅಖಿಲನ ತಂಗಿ ದೀಕ್ಷಿತಾಳ ಖರ್ಚಿಗೆಂದು ಕೋರ್ಟು ಕೊಡಿಸಿದ ಹಣ ಅದು. ಮೀನಿನ ನೀರಿನಲ್ಲಿ ಬಿದ್ದದ್ದನ್ನು ಅಖಿಲ್ ಬಗ್ಗಿ ಹೆಕ್ಕಿದ. ಮೀಸೆ ಬಂದ ಹುಡುಗನಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಗಂಡನ ಹೊಡೆತ ತಾಳದೆ ತಾಯಿ ಗುಲಾಬಿ ಎರ್ಮಾಳಿನ ಮನೆ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಕಾರ್ಕಳದಲ್ಲಿ ಗುಟ್ಟಾಗಿ ಬಾಡಿಗೆಗಿದ್ದಳು. ಆ ದಿನ ವಾಸು ಮಗನ ಬಸ್ಸಿನ ಹಿಂದೆಯೇ ಬೈಕಿನಲ್ಲಿ ಬಂದ. ಬಾಗಿಲು ಒದ್ದ. ನೆರೆಯವರು ಕೂಡಿದ ಮೇಲೆಯೇ ಹೋದದ್ದು. ದೀಕ್ಷಿತಾ ಮಂಚದಡಿಯಿಂದ ಹೊರಗೆ ಬರಲೇ ಇಲ್ಲ.

ಮನೆ ತೋರಿಸಿಕೊಟ್ಟವನು ತಾನೇ ಎಂದು ಅಖಿಲ್ ಗೋಡೆಗೆ ಮುಖ ಮಾಡಿ ಕುಳಿತ.

ಗುಲಾಬಿಯ ಸ್ವಸಹಾಯ ಸಂಘದ, ಎಲ್ಲರೂ ಗೌರವದಿಂದ ‘ಬಾಯಿ’ ಎಂದು ಕರೆಯುವ ಆನ್ಸಿಲ್ಲಾ ಬಾಯಿ ಓಡಿ ಬಂದರು. ಅವರು ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿಯೂ ಹೌದು.

“ಬಂದರಿಗೇ ಹೋಗಿ ತೆಗೆದುಕೊಳ್ಳಿ ಅಂತ ಕೋರ್ಟು ಹೇಳಿದೆಯಾ ಗುಲಾಬಿಯಕ್ಕ?”

“ಇಲ್ಲ ಬಾಯಿ. ಹತ್ತು ಜನರೆದುರು ಕೊಟ್ಟರೆ ಸಾಕ್ಷಿ ಉಂಟಲ್ವಾ?”

“ಎಂತ ಸಾಕ್ಷಿ ಮಾರಾಯ್ತಿ! ನಕ್ಕವರು ನಾಳೆ ಕೋರ್ಟಿಗೆ ಬರ್ತಾರಾ? ಬ್ಯಾಂಕಿಗೆ ಹಾಕಿಸುವಂತೆ ಕೇಳಿ, ಪಾಸ್‌ಬುಕ್ಕೇ ಸಾಕ್ಷಿ. ಅವನು ಹಾಕದಿದ್ದರೆ ಅವನ ಪಾಲಿನಿಂದ ಬೋಟಿನ ಮಾಲೀಕರೇ ಕಟ್ಟಲಿ ಅಂತ ಮ್ಯಾಜಿಸ್ಟ್ರೇಟರನ್ನು ಕೇಳಬಹುದು. ನಿಮ್ಮ ಮೂವರ ಹತ್ತಿರ ಬರಬಾರದು ಅಂತ ರಕ್ಷಣಾ ಆದೇಶವನ್ನೂ ಕೇಳುವ. ವಕೀಲರಿಗೆ ಫೀಸು ಇಲ್ಲ.”

“ಪುನಃ ಕೋರ್ಟಾ? ಮರ್ಯಾದೆ ಹೋಗ್ತದೆ.”

“ಹೋಗುವುದಿದ್ದರೆ ಒದ್ದವನದ್ದು ಹೋಗಲಿ. ನಿಮ್ಮದು ಎಂತಕ್ಕೆ?”

ಅಖಿಲ್ ಎದ್ದು ನಿಂತ. “ಬೇಡ ಬಾಯಿ. ಅವನನ್ನು ನಾನೇ ನೋಡಿಕೊಳ್ತೇನೆ.”

“ನೀನು ಕೈ ಮಾಡಿದರೆ ಒಳಗೆ ಹೋಗುವುದು ನೀನು. ಈ ಹುಡುಗಿಗೆ ಯಾರು?”

ಗುಲಾಬಿ ಮಂಚದಡಿಯತ್ತ ಒಮ್ಮೆ ನೋಡಿದಳು. “ನಾಳೆಯೇ ಹೋಗುವ ಬಾಯಿ” ಎಂದಳು.

ರಕ್ಷಣಾ ಆದೇಶ ಸಿಕ್ಕಿತು. ಮನೆ ಬದಲಾಯಿತು, ಹೊಸ ವಿಳಾಸ ವಾಸುವಿಗೆ ತಿಳಿಯಬಾರದೆಂದು ಅರ್ಜಿಯಲ್ಲೇ ಕೇಳಿಕೊಂಡರು. ಹಣ ಈಗ ಖಾತೆಗೆ ಬರುತ್ತದೆ.

ಮೊನ್ನೆ ಕಾಪು ಪೇಟೆಯಲ್ಲಿ ವಾಸು ಅಖಿಲನಿಗೆ ಅಡ್ಡ ನಿಂತ. “ಅಮ್ಮನ ಸೆರಗು ಹಿಡಿದು ಕೋರ್ಟಿಗೆ ಹೋದವ! ಗಂಡಸಾ ನೀನು?” ಜನ ಸೇರಿದರು.

ಓದುವವರೇ, ಇಂಥ ಮಾತು ನೀವೂ ಕೇಳಬೇಕಾದೀತು. ನಾಚಿಕೆಯೂ ಆದೀತು. ಆದರೂ ಹಣಕ್ಕಾಗಿ ಹೊಡೆಯುವವನ ಎದುರು ಹೋಗಬೇಡಿ, ಮಕ್ಕಳನ್ನು ಕಳಿಸಲೇಬೇಡಿ. ಮಹಿಳೆಯರು 181ಕ್ಕೆ, ಮಕ್ಕಳಿಗಾಗಿ 1098ಕ್ಕೆ, ಉಚಿತ ವಕೀಲರಿಗಾಗಿ 15100ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯವಿದ್ದರೆ 112. ಸುತ್ತ ನಿಂತು ನಗುವವರೇ, ನೀವು ಬಾಯಿ ಮುಚ್ಚಿದರೂ ದೊಡ್ಡ ಉಪಕಾರ.

ಅಖಿಲನ ಕಿವಿ ಸುಡುತ್ತಿತ್ತು. ಅಪ್ಪ ರಕ್ಷಣಾ ಆದೇಶ ಮುರಿದನೆಂದು ದೂರು ಕೊಡಲು ಅವನು ಪೊಲೀಸ್ ಠಾಣೆಯ ಕಡೆ ನಡೆದ.