ಕೂರಲೊಲ್ಲದ ಪೆದ್ದಮ್ಮ

ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಒಂದು ಸೆಮಿಸ್ಟರ್ ಚಿತ್ರಕಲೆ ಕಲಿಸಲು ಶಿರೀಷಾಳಿಗೆ ಕರೆ ಬಂದಿತ್ತು. ತರಗತಿ ಶುರುವಾಗುವ ದಿನ ಬಂದರೂ ವೀಸಾ ಬರಲಿಲ್ಲ. ಬೆಂಗಳೂರಿನ ಮನೆ ಆಗಲೇ ಬಿಟ್ಟಾಗಿತ್ತು. ವೀಸಾ ಬರುವವರೆಗೆ ಆನ್‌ಲೈನ್‌ನಲ್ಲೇ ಕಲಿಸಿ ಎಂದರು ಅಲ್ಲಿಯವರು. ಹಾಗಾಗಿ ಅವಳು ಶಿಡ್ಲಘಟ್ಟದ ಹತ್ತಿರದ ಸಾದಲಿಗೆ, ತಾನು ಪೆದ್ದಮ್ಮ ಎಂದು ಕರೆಯುವ ತಾಯಿಯ ಅಕ್ಕ ಆಂಜಿನಮ್ಮನ ಮನೆಗೆ ಬಂದಿದ್ದಳು.

ನೆಟ್‌ವರ್ಕ್ ಸರಿಯಾಗಿ ಸಿಗುತ್ತಿದ್ದದ್ದು ರೇಷ್ಮೆಹುಳು ಸಾಕುವ ಮನೆಯ ಬಾಗಿಲಲ್ಲಿ ಮಾತ್ರ. ಮಧ್ಯಾಹ್ನ ಒಂದೂವರೆಗೆ ತರಗತಿ. ಅಷ್ಟರೊಳಗೆ ಶಿರೀಷಾ ನಾಲ್ಕು ಸಲ ಕುರ್ಚಿ ಜರುಗಿಸಿದ್ದಳು, ಹತ್ತು ಸಲ ಮೇಲ್ ನೋಡಿದ್ದಳು. ಚಿತ್ರಕ್ಕೆ ಮಾದರಿಯಾಗಿ ಕೂರಲು ಒಪ್ಪಿದ್ದ ತಂಗಿ ಲಾವಣ್ಯ ಶಿಡ್ಲಘಟ್ಟದಲ್ಲಿ ಬಸ್ಸು ತಪ್ಪಿಸಿಕೊಂಡಿದ್ದಳು.

"ಪೆದ್ದಮ್ಮ, ಒಂದರ್ಧ ಗಂಟೆ ಅಲ್ಲಾಡ್ದೆ ಕೂತ್ಕೋತೀಯಾ?"

"ಹುಳ ಈಗ ತಾನೆ ಪೊರೆ ಬಿಟ್ಟು ಜ್ವರದಿಂದ ಎದ್ದವೆ ಕಣಮ್ಮ, ಹಸ್ಕೊಂಡವೆ. ನಿನ್ ಪಾಠ ಕಾಯ್ತದೆ, ಅವು ಕಾಯಲ್ಲ."

ಆದರೂ ತರಗತಿ ಶುರುವಾದಾಗ ಪೆದ್ದಮ್ಮ ಕೂತಳು. ಎರಡೇ ನಿಮಿಷ. ಆಮೇಲೆ ಎದ್ದು ಹಿಪ್ಪುನೇರಳೆ ಸೊಪ್ಪು ತಂದಳು, ಹುಳುಗಳ ತಟ್ಟೆಗಳ ಮೇಲೆ ಹರಡಿದಳು, ಮತ್ತೆ ಹೊರಗೆ ಹೋದಳು. ಪರದೆಯ ಮೇಲಿದ್ದ ಹದಿನಾಲ್ಕು ಮುಖಗಳಲ್ಲಿ ಒಂದು ಮಾತಾಡಿತು. ಯೂನಾ ಎಂಬ ಹುಡುಗಿ.

"ಅವರು ನಿಲ್ಲುತ್ತಲೇ ಇಲ್ಲ. ಏನು ಬರೆಯುವುದು?"

ಸುಮ್ಮನೆ ಕೂರಲು ಶಿರೀಷಾಳಿಗೂ ಆಗುತ್ತಿರಲಿಲ್ಲ. ಲ್ಯಾಪ್‌ಟಾಪನ್ನು ಕೈಗೆತ್ತಿಕೊಂಡು ಎದ್ದಳು.

"ಅವರು ನಿಲ್ಲಲಿ ಅಂತ ಕಾಯಬೇಡಿ. ಪೆನ್ಸಿಲ್ ಎತ್ತದೆ ಅವರ ಹಿಂದೆಯೇ ಹೋಗಿ," ಎಂದಳು.

ಅರ್ಧ ಗಂಟೆ ಪೆದ್ದಮ್ಮನ ಬೆನ್ನಿಗೇ ಓಡಾಡಿದಳು. ಒಳಗೆ ಹೋದಾಗ ನೆಟ್‌ವರ್ಕ್ ಇಲ್ಲದೆ ಪರದೆಯ ಚಿತ್ರ ನಿಂತುಬಿಡುತ್ತಿತ್ತು, ಬಾಗಿಲಿಗೆ ಬಂದರೆ ಮತ್ತೆ ಚಲಿಸುತ್ತಿತ್ತು. ಆದರೂ ಆ ಕಡೆ ವಿದ್ಯಾರ್ಥಿಗಳು ಯಾರೂ ಪೆನ್ಸಿಲ್ ಕೆಳಗಿಡಲಿಲ್ಲ.

ಕೊನೆಗೆ ಎಲ್ಲರೂ ಹಾಳೆಗಳನ್ನು ಕ್ಯಾಮೆರಾಗೆ ಹಿಡಿದರು. ಯೂನಾಳ ಚಿತ್ರದಲ್ಲಿ ಒಂದೇ ಬೆನ್ನಿಗೆ ಒಂಬತ್ತು ಕೈಗಳಿದ್ದವು. ಪೆದ್ದಮ್ಮ ಬಗ್ಗಿ ನೋಡಿದಳು.

"ಇಷ್ಟು ಕೈ ಇದ್ದಿದ್ರೆ ಬೆಳಿಗ್ಗೇನೇ ಕೆಲ್ಸ ಮುಗೀತಿತ್ತು."

ಶಿರೀಷಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಹದಿನಾಲ್ಕೂ ಜನ ನಕ್ಕರು. ಮುಂದಿನ ವಾರವೂ ಪೆದ್ದಮ್ಮ ಇರುತ್ತಾರಾ ಎಂದು ಯೂನಾ ಕೇಳಿದಳು.

"ಮುಂದಿನ್ ವಾರ ಹುಳ ಗೂಡು ಕಟ್ಟಕ್ಕೆ ಶುರು ಮಾಡ್ತವೆ. ಕೂರೋದಂತೂ ಆಗಲ್ಲ ಅಂತ ಹೇಳಮ್ಮ."

ಶಿರೀಷಾ ಹಾಗೆಯೇ ಹೇಳಿದಳು. ಮುಂದಿನ ಸಲ ದೊಡ್ಡ ಹಾಳೆ ತನ್ನಿ ಎಂದು ತಿಳಿಸಿ, ಸೊಪ್ಪಿನ ಬುಟ್ಟಿ ಎತ್ತಲು ಪೆದ್ದಮ್ಮನ ಜೊತೆ ಹೋದಳು.